ಹುರುಳಿ ತಿನ್ನುವ ಸಾಕ್ಷಿ

ನಮ್ಮ ಸೋದರಮಾವನಷ್ಟು ಕೋರ್ಟು ನಡೆಸಿದ ಮನುಷ್ಯ ರಾಯಚೂರು, ಮಾನ್ವಿ, ದೇವದುರ್ಗ ಈ ಮೂರೂ ತಾಲೂಕು ಜಾಲಾಡಿದರೂ ಸಿಗಲಿಕ್ಕಿಲ್ಲ. ವಾದಿ ಅವನೇ, ಎದುರಿನ ವಕೀಲ ಅವನೇ, ಜಡ್ಜ್ ಸಾಹೇಬನೂ ಅವನೇ! ಪ್ರತಿ ಸಲವೂ ಕೇಸು ಸೋಲುತ್ತಿದ್ದ. ಸೋಲಿಸಿದವನೂ ತಾನೇ ಆದ್ದರಿಂದ ಗೆದ್ದ ಖುಷಿಯೂ ಅವನಿಗೇ ಸಿಗಬೇಕಾಗಿತ್ತು, ಆದರೆ ಸಿಗುತ್ತಿರಲಿಲ್ಲ. ಇಷ್ಟೆಲ್ಲ ನಡೆಸಿದವನು ನಿಜವಾದ ಕೋರ್ಟಿನ ಮೆಟ್ಟಿಲನ್ನು ಮಾತ್ರ ಜನ್ಮದಲ್ಲಿ ಹತ್ತಲಿಲ್ಲ. ಹೆದರುಪುಕ್ಕ ಅಂದರು ಓಣಿಯವರು. ತಲೆ ಕೆಟ್ಟಿದೆ ಅಂದಳು ಅತ್ತೆ. ನಾನು ಆಗ ದೇವದುರ್ಗದ ತಹಸೀಲ್ ಕಚೇರಿಯಲ್ಲಿ ಹೊಸದಾಗಿ ಸೇರಿದ ಗುಮಾಸ್ತ. ಎರಡೂ ಅಭಿಪ್ರಾಯಗಳಿಗೆ ತಲೆಯಾಡಿಸಿದೆ.

ಅದು ದೊಡ್ಡ ಯುದ್ಧ ನಡೆದಿದ್ದ ಕಾಲ. ಯುದ್ಧ ಎಲ್ಲಿ ನಡೆದಿದೆ ಅಂತ ನಮ್ಮೂರಲ್ಲಿ ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ಸೀಮೆಎಣ್ಣೆ ಸಿಗುವುದಿಲ್ಲ, ಬಸ್ಸು ಇದ್ದಿಲ ಹೊಗೆಯಿಂದ ಓಡುತ್ತದೆ, ಇವೆರಡು ಗೊತ್ತಿದ್ದವು. ನಿಜಾಮ ಸರಕಾರ ಇತ್ತು, ಕಚೇರಿಯ ಕಾಗದವೆಲ್ಲ ಉರ್ದುವಿನಲ್ಲಿ ಇತ್ತು. ನಮ್ಮ ಮನೆತನದಲ್ಲಿ ಉರ್ದು ಓದಿದವನು ನಾನೊಬ್ಬನೇ. ಹಾಗಾಗಿ ಮಾವನ ಪಾಲಿಗೆ ನಾನು ಅರ್ಧ ಸರಕಾರ ಆಗಿದ್ದೆ.

ಮಾವನದು ಎತ್ತಿನ ವ್ಯಾಪಾರ. ಒಂದು ಸಂತೆಯಲ್ಲಿ ಕೊಂಡು, ಮಸರಕಲ್ಲಿನ ಹೊಲದಲ್ಲಿ ಒಂದು ಹಂಗಾಮು ದುಡಿಸಿ, ಮೈ ತುಂಬಿದ ಮೇಲೆ ಇನ್ನೊಂದು ಸಂತೆಯಲ್ಲಿ ಮಾರುವುದು. ಇದನ್ನು ಅವನೂ ನಮ್ಮಪ್ಪನೂ ಸೇರಿ ಮಾಡುತ್ತಿದ್ದರು. ಎರಡೂ ಸಂಸಾರ ಒಂದೇ ಮನೆಯಲ್ಲಿತ್ತು, ಭಾವ ಮೈದುನ ಇಬ್ಬರೂ ಕೆಲಸ ಹಂಚಿಕೊಂಡಿದ್ದರು. ನಮ್ಮ ಕಡೆ ದನದ ಸಂತೆಯಲ್ಲಿ ದರ ಬಾಯಿಂದ ಆಗುವುದಿಲ್ಲ ನೋಡಿ. ಕೊಳ್ಳುವವನೂ ಮಾರುವವನೂ ಕೈ ಕೈ ಹಿಡಿದುಕೊಳ್ಳುತ್ತಾರೆ, ಮೇಲೆ ಹೆಗಲ ವಲ್ಲಿಯನ್ನು ಹೊದಿಸುತ್ತಾರೆ. ಒಳಗೆ ಒಬ್ಬರ ಬೆರಳು ಒಬ್ಬರು ಒತ್ತಿ ದರ ಏರಿಸುವುದು, ಇಳಿಸುವುದು. ಸುತ್ತ ಊರೇ ನಿಂತಿದ್ದರೂ ಒಳಗೆ ಏನಾಯಿತು ಅಂತ ಆ ಇಬ್ಬರಿಗೇ ಗೊತ್ತು. ಮೇಲೆ ಮಾತ್ರ ಮಳೆ, ಬೆಳೆ, ಮಕ್ಕಳ ಮದುವೆಯ ಮಾತು! ಈ ವಲ್ಲಿಯ ಕೆಳಗಿನ ಕೆಲಸ ಮಾವನದು. ಅವನ ಬೆರಳಿಗೆ ಅವನ ಬಾಯಿಗಿಂತ ಬುದ್ಧಿ ಹೆಚ್ಚು ಅಂತ ಅವ್ವ ಹೇಳುತ್ತಿದ್ದಳು.

ಮಾವ ಬೆರಳಿನಲ್ಲಿ ಮಾತಾಡುತ್ತಿರುವಾಗ ಅಪ್ಪ ಅಲ್ಲೇ ಸಂತೆಯ ಅಂಚಿನಲ್ಲಿ ಎತ್ತನ್ನು ನೊಗಕ್ಕೆ ಹೂಡಿ, ನಡೆಸಿ, ತಿರುಗಿಸಿ ನೋಡುತ್ತಿದ್ದ. ಎತ್ತು ಸರಿಯಿದ್ದರೆ ಸುಮ್ಮನೆ ಬಂದು ಮಾವನ ಬೆನ್ನ ಮೇಲೆ ಕೈ ಇಡುತ್ತಿದ್ದ. ಅಷ್ಟೇ. ಮಾವ ತಿರುಗಿ ನೋಡುತ್ತಿರಲಿಲ್ಲ. ಬೆನ್ನ ಮೇಲೆ ಕೈ ಬಿತ್ತು ಅಂದರೆ ವ್ಯಾಪಾರ ಮುಗಿಯಿತು. ಬೀಳಲಿಲ್ಲ ಅಂದರೆ ಮಾವ ವಲ್ಲಿ ಝಾಡಿಸಿ ಎದ್ದುಬಿಡುವನು.

ಈ ಬೆರಳಿನ ಚಾಳಿ ಎಷ್ಟು ಹಬ್ಬಿತ್ತು ಅಂದರೆ, ಕೈಗೆ ಕೈ ತಾಗಿದರೆ ಸಾಕು, ಮಾವನ ಬೆರಳು ಚೌಕಾಶಿ ಶುರು ಮಾಡುತ್ತಿದ್ದವು. ಒಮ್ಮೆ ದೇವದುರ್ಗದ ಸಂತೆಯಲ್ಲಿ ಬದನೆಕಾಯಿ ಮಾರುವ ಅಜ್ಜಿಯ ಕೈ ಹಿಡಿದು ಮೇಲೆ ವಲ್ಲಿ ಹೊದಿಸಿಬಿಟ್ಟ!

"ಏಯ್, ಕೈ ಬಿಡೋ ಮೂಳ! ಬದನಿಕಾಯಿಗೆ ಕೈ ಯಾಕ ಹಿಡಿತೀ? ಬಾಯಾಗ ನಾಲಿಗಿ ಇಲ್ಲೇನು?" ಅಂತ ಆ ಅಜ್ಜಿ ತಕ್ಕಡಿ ಎತ್ತಿದಳು.

"ಯವ್ವಾ, ಸಿಟ್ಟಾಗಬ್ಯಾಡ. ದರ ನಾಲ್ಕು ಮಂದಿಗೆ ಗೊತ್ತಾದ್ರ ನಿನಗ ನುಕ್ಸಾನಲ್ಲೇನು?" ಅಂದ ಮಾವ.

ಇನ್ನು ವಲ್ಲಿಯ ಹೊರಗೆ ಅವನಿಗೆ ಯಾವ ತೀರ್ಮಾನವೂ ಆಗುತ್ತಿರಲಿಲ್ಲ. ಬೆಳಗ್ಗೆ ಎದ್ದು ಯಾವ ರುಮಾಲು ಸುತ್ತಲಿ ಅಂತ ಕೇಳುತ್ತಿದ್ದ. ಸುತ್ತಿದ ಮೇಲೆ ಬಿಚ್ಚಲೇ ಅಂತ ಕೇಳುತ್ತಿದ್ದ. ಅಪ್ಪ ಇದ್ದಾಗ "ಹೂಂ" ಇಲ್ಲವೇ "ಊಹೂಂ" ಅಂದುಬಿಡುತ್ತಿದ್ದ, ಕೆಲಸ ಸಾಗುತ್ತಿತ್ತು. ಆ ವರ್ಷ ಜ್ವರ ಬಂದು ಅಪ್ಪ ತೀರಿಹೋದ. ವರುಷಾಂತಿಕ ಇನ್ನೂ ಆಗಿರಲಿಲ್ಲ, ಮಾವ ಒಬ್ಬನೇ ಮಾನ್ವಿ ಸಂತೆಗೆ ಹೋದ. ವ್ಯಾಪಾರದ ಇಡೀ ಗಂಟನ್ನು ನಡುವಿಗೆ ಕಟ್ಟಿಕೊಂಡು ಹೋದವನು ಒಂದು ಬಿಳಿ ಎತ್ತು ಹೊಡಕೊಂಡು ಬಂದ.

ಏನು ಎತ್ತು ಅಂತೀರಿ! ಕೊಂಬು, ಭುಜ, ನಡಿಗೆ, ಯಾವುದರಲ್ಲೂ ಕೊರತೆ ಇರಲಿಲ್ಲ. ಓಣಿಯೇ ಬಂದು ನೋಡಿತು. ಅತ್ತೆ ಆರತಿ ಎತ್ತಿದಳು. ಮರುದಿನ ಬೆಳಗ್ಗೆ ನೊಗ ಇಟ್ಟರು. ಎತ್ತು ಒಮ್ಮೆ ಎಲ್ಲರನ್ನೂ ನೋಡಿತು. ಆಮೇಲೆ ಮುಂಗಾಲು ಮಡಿಚಿತು, ಹಿಂಗಾಲು ಮಡಿಚಿತು, ಆರಾಮಾಗಿ ಕೂತು ಮೆಲುಕು ಹಾಕತೊಡಗಿತು! ನೊಗ ತೆಗೆದರೆ ಏಳುತ್ತಿತ್ತು. ಮತ್ತೆ ಇಟ್ಟರೆ ಮತ್ತೆ ಕೂಡುತ್ತಿತ್ತು. ಅಷ್ಟು ಶಾಂತವಾಗಿ ಕೂಡುವುದನ್ನು ನಾನು ನಮ್ಮ ಕಚೇರಿಯ ಹೆಡ್ ಗುಮಾಸ್ತರಲ್ಲಿ ಮಾತ್ರ ಕಂಡಿದ್ದೆ.

ಓಣಿಯಲ್ಲಿ ಯಾರಿಗೆ ಔಷಧ ಗೊತ್ತಿಲ್ಲ ಹೇಳಿ? ಒಬ್ಬರು ಬಾಲ ತಿರುವು ಅಂದರು, ಒಬ್ಬರು ಮೂಗಿಗೆ ಉಳ್ಳಾಗಡ್ಡಿ ಹಿಡಿ ಅಂದರು. ಮೂರನೆಯವರು ಹೊಟ್ಟೆಯ ಕೆಳಗೆ ಹುಲ್ಲಿಗೆ ಬೆಂಕಿ ಹಚ್ಚು ಅಂದಾಗ ಮಾವ ಅವರನ್ನು ಅಂಗಳದಿಂದ ಆಚೆ ಕಳಿಸಿದ. ಅಂತೂ ಎರಡು ದಿನದಲ್ಲಿ ದೇವದುರ್ಗಕ್ಕೆಲ್ಲ ತಿಳಿಯಿತು. ಮಾನ್ವಿಯ ವ್ಯಾಪಾರಿ ಕೂಡುವ ಎತ್ತನ್ನು ದುಡಿಯುವ ಎತ್ತು ಅಂತ ಆಣೆ ಮಾಡಿ ಮಾರಿದ್ದ. ಆ ವ್ಯಾಪಾರಿ ಚೀಕಲಪರ್ವಿ ಕಡೆಯವನು. ಮಾವ ಕೂಡಲೇ ಒಮ್ಮೆ ಹೋಗಿ ಕೇಳಿದ್ದಕ್ಕೆ, "ನಮ್ಮಲ್ಲಿ ನಡೀತಿತ್ರಿ, ನಿಮ್ಮಲ್ಲಿ ನೀರು ಹಿಡಿಸಿಲ್ಲ" ಅಂದುಬಿಟ್ಟನಂತೆ.

ಹೀಗೆ ಶುರುವಾಯಿತು ದಾವೆಯ ಮಾತು. ದಾವೆ ಹಾಕಿ ಗೆದ್ದರೆ ಗಂಟು ವಾಪಸು ಬರುತ್ತದೆ, ಮಾವ ಮತ್ತೆ ಸಂತೆಗೆ ಹೋಗಬಹುದು. ಹಾಕದಿದ್ದರೆ ವ್ಯಾಪಾರ ಅಲ್ಲಿಗೆ ಮುಗಿಯಿತು. ಎತ್ತಿನ ವ್ಯಾಪಾರ ಬಿಟ್ಟರೆ ಮಾವನಿಗೆ ಲೋಕದಲ್ಲಿ ಬೇರೆ ಏನೂ ಬರುತ್ತಿರಲಿಲ್ಲ. ಆದ್ದರಿಂದ ಅತ್ತೆ ನನಗೆ ಅಪ್ಪಣೆ ಮಾಡಿದಳು. "ಇವರನ್ನ ರಾಯಚೂರಿಗೆ ಕರಕೊಂಡು ಹೋಗಪಾ. ಒಬ್ಬರನ್ನ ಕಳಿಸಿದ್ರ ಯಾವ ಬಸ್ಸು ಹತ್ತಲಿ ಅಂತ ಕೇಳಿಕೋತ ಇಲ್ಲೇ ನಿಂತಿರತಾರ."

ಇದ್ದಿಲ ಬಸ್ಸು ಬಂತು. ಮಾವ ಅದರ ಸುತ್ತ ಒಂದು ಪ್ರದಕ್ಷಿಣೆ ಹಾಕಿದ, ಮುಂದಿನ ಗಾಲಿ ತಟ್ಟಿದ, ಎತ್ತಿನ ವಯಸ್ಸು ನೋಡುವ ಹಾಗೆ "ಇದಕ್ಕ ಹಲ್ಲು ಎಲ್ಲಿರತಾವ?" ಅಂತ ಡ್ರೈವರನ್ನು ಕೇಳಿದ. ಗಬ್ಬೂರು ದಾಟಿದ ಮೇಲೆ ಏರಿನಲ್ಲಿ ಬಸ್ಸು ಉಸಿರು ಬಿಟ್ಟು ನಿಂತಿತು. ಎಲ್ಲರೂ ಇಳಿದು ನೂಕಿದೆವು. ಮಾವ ನೂಕುತ್ತಲೇ, "ನೋಡಲೇ ಅಳಿಯಾ, ಇದೂ ಕೂಡ್ತದ! ಇದನ್ನ ಮಾರಿದಾಂವನ ಮ್ಯಾಲ ಸರಕಾರ ದಾವೆ ಹಾಕೇದೇನು ಕೇಳು" ಅಂದ. ಬಸ್ಸಿನಲ್ಲಿದ್ದವರು ನಕ್ಕು ನಕ್ಕು ಇನ್ನಷ್ಟು ನಿಧಾನವಾಗಿ ನೂಕಿದರು.

ರಾಯಚೂರಿನ ತೀನ್ ಕಂದೀಲಿನ ಹತ್ತಿರ ವಕೀಲರ ಮನೆ. ಅವರು ಕೇಳಿಸಿಕೊಂಡು, ಪಾನಿನ ಡಬ್ಬಿ ತೆಗೆದು ಕೇಳಿದರು. "ದರ ಎಷ್ಟಕ್ಕ ಆತು ಅನ್ನೋದಕ್ಕ ಗವಾ, ಸಾಕ್ಷಿ ಯಾರಿದ್ದಾರ?"

"ಸಂತಿ ತುಂಬ ಮಂದಿ ಇದ್ರಿ ಸಾಹೇಬ್ರ."

"ಅವರು ಏನು ನೋಡ್ಯಾರ?"

"ವಲ್ಲಿ ನೋಡ್ಯಾರಿ."

ವಕೀಲರು ಪಾನು ಬಾಯಿಗೆ ಹಾಕುವುದನ್ನು ಮರೆತು ಕೂತರು. ಆಮೇಲೆ ಬಿಡಿಸಿ ಹೇಳಿದರು. ದಾವೆಗೆ ಮಿಯಾದು ಇದೆ, ಅಂದರೆ ಆ ಅವಧಿಯೊಳಗೆ ಹಾಕಬೇಕು. ಗೆದ್ದರೆ ಹಣ ನಿಮಗೆ, ಎತ್ತು ಅವನಿಗೆ. "ನಿಮ್ಮ ಕಡಿ ಸಾಕ್ಷಿ ಅಂದ್ರ ಆ ಎತ್ತು ಒಂದೇ. ಅದನ್ನ ಹ್ಯಾಂಗ ಅದನೋ ಹಾಂಗ ಇಡಬೇಕು. ಮಾರಬ್ಯಾಡ್ರಿ, ಹೊಡೀಬ್ಯಾಡ್ರಿ. ಒಂದೀಟು ಸೊರಗಿದ್ರೂ ಎದುರಿನ ಪಾರ್ಟಿ ಅಂತಾರ, ಮೇವು ಹಾಕಿಲ್ಲ, ಅದಕ್ಕ ಕೂಡ್ತದ ಅಂತ!"

ಈ ಮಾತನ್ನು ಮಾವ ಗುರುಮಂತ್ರ ತಗೊಂಡ ಹಾಗೆ ತಗೊಂಡ. ಅವತ್ತಿನಿಂದ ಆ ಎತ್ತಿಗೆ ಸಾಕ್ಷಿ ಅಂತಲೇ ಹೆಸರಾಯಿತು. ಸಾಕ್ಷಿಗೆ ನೆನೆಸಿದ ಹುರುಳಿ, ಸಾಕ್ಷಿಗೆ ಹತ್ತಿಕಾಳು, ಸಾಕ್ಷಿಗೆ ಬಿಸಿನೀರಿನ ಸ್ನಾನ. ಮಳೆ ಬಂದರೆ ಸಾಕ್ಷಿ ನೆನೆಯುತ್ತದೆ ಅಂತ ಮಾವ ಊಟ ಬಿಟ್ಟು ಏಳುತ್ತಿದ್ದ. ಸಾಕ್ಷಿಯ ಮೈ ಮಿರಿಮಿರಿ ಮಿಂಚುತ್ತಿತ್ತು, ಮಾವನ ಮೈ ಒಣಗುತ್ತಿತ್ತು.

"ಮನ್ಯಾಗಿನ ಮಂದಿಗೆ ಒಣ ರೊಟ್ಟಿ, ಸಾಕ್ಷಿಗೆ ಹುರುಳಿ! ಕೋರ್ಟಿಗೆ ಇದನ್ನ ಯಾಕ ಒಯ್ತೀರಿ, ನನ್ನ ಒಯ್ರಿ. ನನ್ನ ಮೈ ನೋಡಿದ್ರ ಜಡ್ಜ್ ಸಾಹೇಬ ಆಗಲೇ ಅಳತಾನ" ಅನ್ನುತ್ತಿದ್ದಳು ಅತ್ತೆ.

"ಸುಮ್ಮನಿರು. ಸಾಕ್ಷಿ ಮುಂದ ಕೇಸಿನ ಮಾತು ಆಡಬ್ಯಾಡ" ಅನ್ನುತ್ತಿದ್ದ ಮಾವ.

ಇನ್ನು ದಾವೆ ಹಾಕಲು ಅಡ್ಡಿ ಏನಿತ್ತು? ಅಡ್ಡಿ ಮಾವನೇ. ಕೋರ್ಟಿಗೆ ಹೋಗುವ ಮೊದಲು ಒಮ್ಮೆ ಮನೆಯಲ್ಲೇ ನಡೆಸಿ ನೋಡೋಣ ಅಂದ. ಸಂತೆಯ ದಿನ ಸಂಜೆ ನಮ್ಮ ಪಡಸಾಲೆಯೇ ಕೋರ್ಟು. ಹೊರಸಿನ ಮೇಲೆ ಅವ್ವನ ಶಾಲು ಹೊದ್ದು ಕೂತರೆ ಜಡ್ಜು. ಕಂಬದ ಹತ್ತಿರ ರುಮಾಲು ಸುತ್ತಿ ನಿಂತರೆ ವಾದಿ. ಬೀಸುಕಲ್ಲಿನ ಹತ್ತಿರ ನನ್ನ ಕಚೇರಿಯ ಕರಿ ಶೇರ್ವಾನಿ ತೊಟ್ಟು ನಿಂತರೆ ಎದುರಿನ ವಕೀಲ. ನನ್ನ ಕೆಲಸ "ಹಾಜಿರ್ ಹೋ!" ಅಂತ ಕೂಗುವುದು. ಓಣಿಯ ಹೆಂಗಸರು ಮಕ್ಕಳನ್ನು ಸೊಂಟದಲ್ಲಿಟ್ಟುಕೊಂಡು ಬಂದು ಕೂಡುತ್ತಿದ್ದರು. ಬಯಲಾಟಕ್ಕೂ ಅಷ್ಟು ಜನ ಸೇರುತ್ತಿರಲಿಲ್ಲ ಅಂದರೆ ನಂಬಿ!

ಶೇರ್ವಾನಿ ತೊಟ್ಟರೆ ಮಾವ ಬೇರೆಯೇ ಮನುಷ್ಯ. ಧ್ವನಿ ಏರುತ್ತಿತ್ತು, ಎದೆ ಉಬ್ಬುತ್ತಿತ್ತು. "ಎತ್ತಿನ ವ್ಯಾಪಾರದಾಗ ತಲಿ ಹಣ್ಣಾಗೇದಲ್ಲ ನಿಮ್ದು?" ಅಂತ ಗದರಿಸುತ್ತಿದ್ದ. ಶೇರ್ವಾನಿ ಕಳಚಿ, ಕಂಬದ ಹತ್ತಿರ ಓಡಿಬಂದು, ರುಮಾಲು ಇಟ್ಟುಕೊಂಡು, "ಹೌದ್ರಿ ಸಾಹೇಬ್ರ" ಅನ್ನುತ್ತಿದ್ದ. ಮತ್ತೆ ಓಡಿಹೋಗಿ ಶೇರ್ವಾನಿ ತೊಟ್ಟು, "ಮತ್ತ, ಕೊಳ್ಳೂ ಮುಂದ ಹೂಡಿ ಯಾಕ ನೋಡ್ಲಿಲ್ಲ?"

ಅಲ್ಲಿಗೆ ನಿಂತುಹೋಗುತ್ತಿತ್ತು. ಮಾವ ಕಂಬದ ಹತ್ತಿರ ಬರುತ್ತಿದ್ದ, ರುಮಾಲು ಇಟ್ಟುಕೊಳ್ಳುತ್ತಿದ್ದ, ಬಾಯಿ ತೆರೆಯುತ್ತಿದ್ದ, ಮುಚ್ಚುತ್ತಿದ್ದ. ಎಲ್ಲರೂ ಕಾಯುತ್ತಿದ್ದರು. ಕೊನೆಗೆ ನಿಧಾನವಾಗಿ ಹೊರಸಿನ ಕಡೆ ನಡೆದು, ಶಾಲು ಹೊದ್ದು, ಯಾರನ್ನೂ ನೋಡದೆ ಹೇಳುತ್ತಿದ್ದ. "ಜವಾಬಿಲ್ಲ. ದಾವಾ ಖಾರಿಜ್." ಕೇಸು ವಜಾ! ಹೆಂಗಸರು ಉಶ್ ಅನ್ನುತ್ತ ಎದ್ದು ಹೋಗುತ್ತಿದ್ದರು.

ಪ್ರತಿ ವಾರವೂ ಇದೇ ಕಥೆ. ನಾನು ಅರ್ಧ ಸರಕಾರ ಅಲ್ಲವೇ, ಒಂದು ಉಪಾಯ ಹೇಳಿಕೊಟ್ಟೆ. "ಮಾಮಾ, ಹೂಡಿ ನೋಡಿದ್ದೆ, ಆವತ್ತು ನಡೀತು ಅಂತ ಹೇಳಿಬಿಡು. ಮುಗೀತು."

ಅವನು ನನ್ನನ್ನು ನೋಡಿದ ನೋಟ ಇನ್ನೂ ನೆನಪಿದೆ. ಸಿಟ್ಟಿಗಿಂತ ಹೆಚ್ಚಾಗಿ ಏನೋ ನೋವಾದ ಮುಖ. "ಹೂಡಿ ನೋಡಿದ್ರ ನಾನು ಕೊಳ್ತಿದ್ದಿಲ್ಲ. ಅದು ಸುಳ್ಳು ಆಗತದ."

"ಹಂಗಾದ್ರ ಮರತೆ ಅಂತ ಹೇಳು!" ಅಂದಳು ಅತ್ತೆ ಒಳಗಿನಿಂದ.

"ಮರತಿಲ್ಲ" ಅಂದು ಮಾವ ಸಾಕ್ಷಿಗೆ ನೀರು ಕುಡಿಸಲು ಹೋದ. ನೋಡಲೂ ಇಲ್ಲ, ಮರೆಯಲೂ ಇಲ್ಲ. ಹಾಗಾದರೆ ಮತ್ತೇನು ಮಾಡಿದ? ನಮಗೆ ಯಾರಿಗೂ ತಿಳಿಯಲಿಲ್ಲ.

ಒಮ್ಮೆ ಮಾತ್ರ ಅವನು ಕೋರ್ಟಿನ ಕಂಪೌಂಡಿನವರೆಗೆ ಹೋದ. ನಾನು ಜೊತೆಗಿದ್ದೆ. ವಕೀಲರು ಒಳಗೆ ಬೇರೆ ಕೇಸಿನಲ್ಲಿದ್ದರು, ಬೇವಿನ ಮರದ ಕೆಳಗೆ ಕಾಯಿರಿ ಅಂದರು. ಅಲ್ಲೇ ಅರಕೇರಾದ ಅಣ್ಣತಮ್ಮಂದಿರಿಬ್ಬರು ಒಂದು ಬಾವಿಯ ಸಲುವಾಗಿ ಜಗಳಾಡುತ್ತ ಕೂತಿದ್ದರು. ನಾನು ಕುಡಿಯಲು ನೀರು ತರಲು ಹೋದೆ. ಬರುವಷ್ಟರಲ್ಲಿ ಏನು ನೋಡುತ್ತೇನೆ? ಮಾವನ ಒಂದು ಕೈಯಲ್ಲಿ ಅಣ್ಣನ ಕೈ, ಇನ್ನೊಂದು ಕೈಯಲ್ಲಿ ತಮ್ಮನ ಕೈ, ಮೇಲೆ ವಲ್ಲಿ! ಮಾವ ಮಾತಾಡುತ್ತಿದ್ದದ್ದು ಈ ಸಲದ ಸಜ್ಜೆಯ ಬೆಳೆಯ ಬಗ್ಗೆ. ಒಳಗೆ ಬೆರಳುಗಳು ಯಾರಿಗೆ ಎಷ್ಟು ಸರದಿ ನೀರು ಅಂತ ಹಂಚುತ್ತಿದ್ದವು. ಸ್ವಲ್ಪ ಹೊತ್ತಿಗೆ ಅಣ್ಣ ಅತ್ತುಬಿಟ್ಟ, ತಮ್ಮ ಅಣ್ಣನ ಕಾಲು ಮುಟ್ಟಿದ, ಇಬ್ಬರೂ ಒಂದೇ ಬಂಡಿ ಹತ್ತಿ ಊರಿಗೆ ಹೋದರು.

ಅಣ್ಣನ ಕಡೆಯ ವಕೀಲರು ಯಾರು ಅಂತೀರಿ? ನಮ್ಮವರೇ! ಹೊರಗೆ ಬಂದು ಖಾಲಿ ಕಟ್ಟೆ ನೋಡಿ ಕೂಗಾಡಿದರು. "ನೀವು ಕೇಸು ಹಾಕಾಕ ಬಂದೀರೋ, ನನ್ನ ಹೊಟ್ಟಿ ಮ್ಯಾಲ ಹೊಡಿಯಾಕ ಬಂದೀರೋ? ನಡೀರಿ ಊರಿಗೆ!"

ಮಾವ ಬಸ್ಸಿನಲ್ಲಿ ಉದ್ದಕ್ಕೂ ಖುಷಿಯಾಗಿದ್ದ. ದಾವೆ ಹಾಕಲಿಲ್ಲ ಅನ್ನುವುದು ಮಸರಕಲ್ ದಾಟಿದ ಮೇಲೆ ನೆನಪಾಯಿತು.

ಹೀಗೇ ಕಾಲ ಉರುಳಿತು. ಮಿಯಾದು ಮುಗಿಯುವ ವಾರ ಬಂತು. ವಕೀಲರು ಹೇಳಿಕಳಿಸಿದರು, ಈ ವಾರ ಬಂದರೆ ಬಂದಿರಿ, ಇಲ್ಲದಿದ್ದರೆ ಮುಂದೆ ಬರುವುದೇ ಬೇಡ. ಈ ಸಲ ಅತ್ತೆ ಯಾರ ಮಾತೂ ಕೇಳಲಿಲ್ಲ. ರೊಟ್ಟಿ ಬುತ್ತಿ ಕಟ್ಟಿದಳು, ಮಾವನ ರುಮಾಲನ್ನು ತಾನೇ ಸುತ್ತಿದಳು, ಬಸ್ ನಿಲ್ದಾಣದವರೆಗೆ ತಾನೂ ಬರುವೆ ಅಂತ ಸೆರಗು ಕಟ್ಟಿದಳು. ಅವಳ ಕಣ್ಣಲ್ಲಿ ನೀರಿತ್ತು. "ಮುಂಗಾರಿನ ಸಂತಿಗೆ ಇವರು ಹೋಗಲಿಲ್ಲ ಅಂದ್ರ ಇವರು ಉಳಿಯಂಗಿಲ್ಲಪಾ. ದಿನಾ ವಲ್ಲಿ ಹೊದ್ದು ತಮ್ಮ ಕೈಯಿ ತಾವೇ ಹಿಡಕೊಂಡು ಕೂಡತಾರ" ಅಂತ ನನ್ನ ಹತ್ತಿರ ಮೆಲ್ಲಗೆ ಹೇಳಿದಳು. ನನಗೆ ಅದನ್ನು ಕೇಳಿ ನಗು ಬರಲಿಲ್ಲ.

ನಾವು ಹೊಸ್ತಿಲು ದಾಟುವಷ್ಟರಲ್ಲಿ ಅಂಗಳದಲ್ಲಿ ಒಬ್ಬ ನಿಂತಿದ್ದ. ಕೈಯಲ್ಲಿ ಒಂದು ಹಗ್ಗ. ಮಾವ ಮೊದಲು ನೋಡಿದ್ದು ಮುಖವನ್ನಲ್ಲ, ಹಗ್ಗವನ್ನು. ನಮ್ಮ ಕಡೆ ಎತ್ತು ಮಾರಿದವನು ತನ್ನ ಹಗ್ಗ ತಾನೇ ಬಿಚ್ಚಿಕೊಳ್ಳುತ್ತಾನೆ, ಕೊಂಡವನು ತನ್ನ ಹಗ್ಗ ಹಾಕಿ ಹೊಡಕೊಂಡು ಹೋಗಬೇಕು. ಹಗ್ಗ ಹಿಡಿದು ಬಂದವನು ಎತ್ತು ಒಯ್ಯಲು ಬಂದವನು.

ಅವನೇ ಆ ಮಾನ್ವಿಯ ವ್ಯಾಪಾರಿ. ಸೋತು ಸಣ್ಣಗಾಗಿದ್ದ. ನಮ್ಮ ಪಡಸಾಲೆಯ ಕೋರ್ಟಿನ ಸುದ್ದಿ ಸಂತೆಯಿಂದ ಸಂತೆಗೆ ಹಾರಿ ಅವನಿಗಿಂತ ಮೊದಲೇ ಎಲ್ಲ ಕಡೆ ಮುಟ್ಟಿತ್ತಂತೆ. ಈಗ ಅವನು ವಲ್ಲಿ ಹಾಸಿದರೆ ಅದರ ಕೆಳಗೆ ಕೈ ಇಡಲು ಯಾರೂ ಒಪ್ಪುತ್ತಿರಲಿಲ್ಲ.

"ಸಾಹುಕಾರ್ರ, ತಪ್ಪಾಗೇದ. ನಿಮ್ಮ ಗಂಟು ತಂದೀನ್ರಿ, ಹ್ಯಾಂಗ ಕೊಟ್ಟೀರೋ ಹಾಂಗ ಅದ. ಎಣಿಸಿಕೊಳ್ರಿ. ಎತ್ತು ಹೊಡಕೊಂಡು ಹೋಗ್ತೀನಿ. ಕೋರ್ಟು ಬ್ಯಾಡ್ರಿ" ಅಂದು ನಡುವಿನಿಂದ ಗಂಟು ಬಿಚ್ಚಿ ಕಟ್ಟೆಯ ಮೇಲೆ ಇಟ್ಟ.

ಅತ್ತೆ ಎರಡೂ ಕೈ ಮುಗಿದಳು. ಯಾವ ದೇವರಿಗೆ ಅಂತ ನಾನು ಕೇಳಲಿಲ್ಲ, ಅವಳಿಗೂ ಗೊತ್ತಿರಲಿಕ್ಕಿಲ್ಲ. ದಾವೆ ಇಲ್ಲದೆ, ವಕೀಲರಿಲ್ಲದೆ, ಇದ್ದಿಲ ಬಸ್ಸು ನೂಕದೆ ಕೇಸು ಗೆದ್ದಿದ್ದೆವು! ಮಾವ ಮಾತ್ರ ಹಗ್ಗವನ್ನೇ ನೋಡುತ್ತಿದ್ದ.

"ಒಯ್ದು ಏನ್ ಮಾಡ್ತೀ?" ಅಂತ ಕೇಳಿದ.

ವ್ಯಾಪಾರಿ ತಲೆ ತಗ್ಗಿಸಿದ. "ಏನ್ ಮಾಡೂದ್ರಿ, ಮಾರೂದೇ. ಯಾರರ ದೂರದವರು ಸಿಕ್ಕರ." ಆಮೇಲೆ ಅಂದ, "ಇದು ಮದಲ ಹಿಂಗ ಇದ್ದಿಲ್ರಿ. ಜೋಡಿ ಎತ್ತು ನಮ್ಮ ಹೊಳಿದಂಡ್ಯಾಗ ಉಸುಕಿನ್ಯಾಗ ಸಿಕ್ಕು ಸತ್ತಿತು. ಅವತ್ತಿನಿಂದ ನೊಗ ಇಟ್ರ ಕೂಡ್ತದ. ನನಗ ಗೊತ್ತಿತ್ರಿ. ಆದ್ರ ಒಂದು ಮಾತು ಕೇಳ್ತೀನಿ, ಸಿಟ್ಟಾಗಬ್ಯಾಡ್ರಿ. ನಿಮ್ಮಂಥ ಬೆರಳು ನಾನು ಕಂಡಿಲ್ಲ. ಇಷ್ಟು ತಿಳಿದೋರು, ಹೂಡಿ ಯಾಕ ನೋಡ್ಲಿಲ್ಲ?"

ಅದೇ ಪ್ರಶ್ನೆ. ನಾನು ಸುಮ್ಮನೆ ಕಂಬದ ಕಡೆ ನೋಡಿದೆ. ಈಗ ಇವನು ಬಾಯಿ ತೆರೆದು ಮುಚ್ಚುತ್ತಾನೆ, "ಜವಾಬಿಲ್ಲ" ಅನ್ನುತ್ತಾನೆ ಅಂದುಕೊಂಡೆ. ಮಾವ ಕಟ್ಟೆಯ ಮೇಲೆ ಕೂತುಬಿಟ್ಟ.

"ಹೂಡಿ ನೋಡೂದು ನನ್ನ ಕೆಲಸ ಅಲ್ಲ. ಅದು ನಮ್ಮ ಭಾವನ ಕೆಲಸ. ನೋಡಿ, ಬೆನ್ನ ಮ್ಯಾಲ ಕೈ ಇಡತಿದ್ದ. ಅವತ್ತು ನಿನ್ನ ಬೆರಳು ಹಿಡಿದು ಕೂತಿದ್ನಿ. ಬೆನ್ನ ಮ್ಯಾಲ ಕೈ ಬಿತ್ತು. ಬೆಚ್ಚಗ ಬಿತ್ತು. ವ್ಯಾಪಾರ ಮುಗಿಸಿದೆ." ಹೆಗಲ ವಲ್ಲಿಯನ್ನು ತೆಗೆದು ತೊಡೆಯ ಮೇಲೆ ಇಟ್ಟುಕೊಂಡ. "ಭಾವ ತೀರಿಕೊಂಡಾನ ಅನ್ನೂದು ಆ ಗಳಿಗ್ಯಾಗ ನೆನಪೇ ಆಗಲಿಲ್ಲ. ಗಂಟು ಕೊಟ್ಟು ತಿರುಗಿ ನೋಡಿದ್ರ, ಹಿಂದ ಯಾರೂ ಇದ್ದಿಲ್ಲ. ಈ ಎತ್ತು ಬೆನ್ನಿಗೆ ಮೂತಿ ಇಟ್ಟು ನಿಂತಿತ್ತು."

ಒಳಗಿನಿಂದ ಅವ್ವ ಬಂದು ಬಾಗಿಲಿಗೆ ಒರಗಿ ನಿಂತಿದ್ದಳು. ಅಪ್ಪ ಸತ್ತಾಗ ಎಲ್ಲರೂ ಅವಳನ್ನು ಸಮಾಧಾನ ಮಾಡಿದ್ದರು, ನನ್ನನ್ನು ಸಮಾಧಾನ ಮಾಡಿದ್ದರು. ಈ ಮನುಷ್ಯನ ಹೆಗಲ ಮೇಲೆ ಯಾರೂ ಕೈ ಇಟ್ಟಿರಲಿಲ್ಲ. ಇದನ್ನು ಯಾವ ಜಡ್ಜ್ ಸಾಹೇಬನ ಮುಂದೆ ಹೇಳುವುದು? ಯಾವ ಉರ್ದುವಿನಲ್ಲಿ ಬರೆಯುವುದು?

ವ್ಯಾಪಾರಿ ಕಣ್ಣೊರೆಸಿಕೊಂಡ. ಆದರೂ ಬಂದ ಕೆಲಸ ಮುಗಿಸಬೇಕಲ್ಲ, ಹಗ್ಗ ಹಿಡಿದು ದನದ ಕೊಟ್ಟಿಗೆಯ ಕಡೆ ಒಂದು ಹೆಜ್ಜೆ ಇಟ್ಟ. ಅಷ್ಟೇ! ಮಾವ ಕಟ್ಟೆಯಿಂದ ಜಿಗಿದು ಎದ್ದ. ಜನ್ಮದಲ್ಲಿ ಒಂದು ರುಮಾಲಿನ ತೀರ್ಮಾನ ಮಾಡದವನು, ಓಣಿಯ ಎರಡೂ ತುದಿಗೆ ಕೇಳುವ ಹಾಗೆ ಕೂಗಿದ.

"ಮುಟ್ಟಬ್ಯಾಡ ಸಾಕ್ಷಿನ್ನ! ರಾಜಿ ಗೀಜಿ ಏನೂ ಇಲ್ಲ! ನಿನ್ನ ಗಂಟು ತಗೊಂಡು ನಡಿ! ನಾನು ದಾವೆ ಹಾಕಾಂವ! ಏನದನೋ ಕೋರ್ಟಿನ್ಯಾಗ ನೋಡ್ಕೊಳ್ಳೂನು!"

ವ್ಯಾಪಾರಿ ಕಕ್ಕಾಬಿಕ್ಕಿಯಾಗಿ ನನ್ನ ಮುಖ ನೋಡಿದ. ನಾನು ಅತ್ತೆಯ ಮುಖ ನೋಡಿದೆ. ಈಗ ಬಿತ್ತು ಬೆಂಕಿ ಅಂದುಕೊಂಡೆ. ಅತ್ತೆ ಕಟ್ಟೆಯ ಮೇಲಿನ ಗಂಟನ್ನು ಎತ್ತಿಕೊಂಡಳು, ಒಂದು ಗಳಿಗೆ ಕೈಯಲ್ಲಿ ತೂಗಿದಳು, ವ್ಯಾಪಾರಿಯ ಕೈಯಲ್ಲಿ ಇಟ್ಟಳು. "ಕೇಳಿದೆಲ್ಲಪಾ? ಕೋರ್ಟಿನ್ಯಾಗ ನೋಡ್ಕೊಳ್ಳೂನು. ಕೂಡು, ಮಜ್ಜಿಗಿ ಕುಡಕೊಂಡು ಹೋಗು, ಬಿಸಲಾಗ ಬಂದೀ."

ಅವನು ಮಜ್ಜಿಗೆ ಕುಡಿದು ಹೋದ. ರಾಯಚೂರಿಗೆ ಕಟ್ಟಿದ್ದ ಬುತ್ತಿಯನ್ನು ಅತ್ತೆ ಬಿಚ್ಚಿ, ದಪ್ಪನೆಯ ರೊಟ್ಟಿ ಒಂದನ್ನು ತೆಗೆದುಕೊಂಡು ಕೊಟ್ಟಿಗೆಗೆ ನಡೆದಳು. ಅಲ್ಲಿ ಆ ಎತ್ತಿಗೆ ಏನು ಹೇಳಿದಳೋ ಗೊತ್ತಿಲ್ಲ, ಬಹಳ ಹೊತ್ತು ಹೊರಗೆ ಬರಲಿಲ್ಲ. ಬಸ್ಸು ನಮ್ಮನ್ನು ಬಿಟ್ಟು ಹೋಯಿತು, ಮಿಯಾದೂ ಆ ವಾರ ಮುಗಿದು ಹೋಯಿತು. ಮಾವ ಮಾತ್ರ ಸಾಯುವವರೆಗೂ ಕೇಳಿದವರಿಗೆಲ್ಲ, "ದಾವೆ ಹಾಕಾಂವ ಅದೀನಿ, ಸಾಕ್ಷಿ ಜ್ವಾಪಾನ ಇಟ್ಟೀನಿ" ಅಂತಲೇ ಹೇಳುತ್ತಿದ್ದ. ಸಾಕ್ಷಿ ಕೊಟ್ಟಿಗೆಯಲ್ಲಿ ಹುರುಳಿ ತಿನ್ನುತ್ತ, ಬೇಕಾದಾಗ ನಿಂತು, ಬೇಕಾದಾಗ ಕೂತು, ಮುದುಕಾಯಿತು.

ಆ ವರ್ಷದ ಮುಂಗಾರಿನ ಮೊದಲ ಸಂತೆಗೆ ಬಂಡವಾಳಕ್ಕೆ ಅಂತ ಅತ್ತೆ ತನ್ನ ಸೊಂಟದ ಬೆಳ್ಳಿಯ ಡಾಬು ಬಿಚ್ಚಿಕೊಟ್ಟಳು. ನನ್ನ ಕಡೆ ತಿರುಗಿ, "ನೀನೂ ಹೋಗು" ಅಂದಳು. ನನಗೋ ಎತ್ತಿನ ಬಗ್ಗೆ ಗೊತ್ತಿದ್ದದ್ದು ಅದಕ್ಕೆ ನಾಲ್ಕು ಕಾಲು ಇರುತ್ತವೆ ಅನ್ನುವುದೊಂದೇ! ಕಚೇರಿಗೆ ರಜೆ ಹಾಕಿ ಹೋದೆ. ಮಾವ 'ಇದೋ, ಅದೋ' ಅಂತ ಹತ್ತು ಎತ್ತು ಸುತ್ತಿ ಕೊನೆಗೆ ಒಂದು ಮಾಸಲು ಬಣ್ಣದ ಎತ್ತಿನ ಮುಂದೆ ಕೂತು, ಮಾರುವವನ ಕೈ ಹಿಡಿದು, ವಲ್ಲಿ ಹೊದಿಸಿದ. ಮಳೆ ಬೆಳೆಯ ಮಾತು ಶುರುವಾಯಿತು.

ನಾನು ಶೇರ್ವಾನಿ ಕಳಚಿ ಬೇಲಿಯ ಮೇಲೆ ಇಟ್ಟೆ. ಎತ್ತನ್ನು ಸಂತೆಯ ಅಂಚಿಗೆ ಒಯ್ದೆ, ಅಲ್ಲಿದ್ದ ರೈತರೊಬ್ಬರ ಕೈಕಾಲು ಹಿಡಿದು ನೊಗ ಇಡಿಸಿದೆ. ಎತ್ತು ಕೂಡಲಿಲ್ಲ. ನಡೆಸಿದೆ, ತಿರುಗಿಸಿದೆ, ಇನ್ನೊಮ್ಮೆ ನಡೆಸಿದೆ. ಧೋತರವೆಲ್ಲ ಧೂಳಾಯಿತು.

ವಾಪಸು ಬಂದೆ. ಮಾವ ನನಗೆ ಬೆನ್ನು ಮಾಡಿ ಕೂತಿದ್ದ. ಬಾಯಿ ಸಜ್ಜೆಯ ಬೆಳೆಯ ಬಗ್ಗೆ ಏನೋ ಹೇಳುತ್ತಿತ್ತು, ವಲ್ಲಿಯ ಕೆಳಗೆ ಬೆರಳು ಮಾತ್ರ ಅಲುಗದೆ ನಿಂತಿದ್ದವು, ಕಾಯುತ್ತಿದ್ದವು. ನಾನು ಅವನ ಬೆನ್ನ ಮೇಲೆ ಕೈ ಇಟ್ಟೆ. ವಲ್ಲಿಯ ಕೆಳಗೆ ಬೆರಳು ಅಲುಗಿದವು. ಅವನು ತಿರುಗಿ ನೋಡಲಿಲ್ಲ.